ಪ್ಯಾಪಿಲೋಮಾ ವೈರಸ್ಸನ್ನು ‘ನರುಲಿ ವೈರಾಣು’ ಎನ್ನಬಹುದೇ?

ಬಲ್ಲವರಲ್ಲಿ ಒಂದು ಕೇಳಿಕೆ.

ನಮ್ಮಕ್ಕನ ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಎಚ್‌ಪಿವಿ, ಅಂದರೆ ಗರ್ಭಕಂಠದ ಕ್ಯಾನ್ಸರ್‌ಗೂ ಕಾರಣವಾಗುವ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಮತ್ತು ಅದರ ಲಸಿಕೆಯ ಬಗ್ಗೆ ತನ್ನ ಜೊತೆಯವರಿಗೆ ಎಷ್ಟು ಗೊತ್ತಿದೆ ಎಂದು ನೋಡಲು ಪ್ರಶ್ನಾವಳಿ ಮಾಡಿದ್ದಾಳೆ. ಅದನ್ನು ಕನ್ನಡಕ್ಕೆ ತರುವ ಕೆಲಸ ನನ್ನ ತಲೆಗೆ ಬಂತು. ‘ಹ್ಯೂಮನ್ ಪ್ಯಾಪಿಲೋಮಾ ವೈರಸ್’ ಎಂಬ ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ.

ವೈರಸ್‌ಗೆ ವೈರಾಣು ಇದೆ; ಸದ್ದೂ ಹೊಂದುತ್ತದೆ, ಅರ್ಥವೂ ಹೊಂದುತ್ತದೆ. ತೊಡಕು ನಡುವಿನ ಪದದ್ದು. ಲ್ಯಾಟಿನ್ನಿನ ‘ಪಾಪಿಲ್ಲ’ ಎಂದರೆ ಮೊಲೆತೊಟ್ಟು, ‘ಓಮ’ ಗ್ರೀಕ್ ಮೂಲದ ಪ್ರತ್ಯಯ, ಗಡ್ಡೆ ಎಂದರ್ಥ. ಮೂಲಕ್ಕೆ ಹತ್ತಿರವಿರಲಿ ಎಂದು ‘ಪಾಪಿಲೋಮಾ’ ಎಂದೇ ಬರೆದೆ. ಅವಳು ನಕ್ಕಳು: “ಮಾಮ, ಜೋರಾಗಿ ಓದಿದ್ರೆ ಮೊದಲು ಕೇಳ್ಸೋದೇ ‘ಪಾಪಿ’ ಅಂತ!” ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕಿಗೆ ಆ ಎರಡಕ್ಷರ ಬೇಡವೇ ಬೇಡ. ‘ಪ್ಯಾ’ ಎಂದು ತಿದ್ದಿದೆ.

ಆಮೇಲೆ ಹೊಳೆದದ್ದು ನರುಲಿ. ಕೈಬೆರಳ ಮೇಲೆ, ಅಂಗಾಲಲ್ಲಿ ಏಳುವ ನರುಲಿ ಯಾರಿಗೆ ಗೊತ್ತಿಲ್ಲ? ಅದಕ್ಕೂ ಇದೇ ಕುಟುಂಬದ ವೈರಾಣುಗಳೇ ಕಾರಣ. ‘ನರುಲಿ ವೈರಾಣು’, ನರುಲಿಯಾದರೂ ಅಚ್ಚಕನ್ನಡ ಎಂದು ಬೀಗುತ್ತ ಕಳಿಸಿದೆ. ಅವಳು ಒಪ್ಪಲಿಲ್ಲ. ಈ ವೈರಾಣುವಿನಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆಯಂತೆ. ಗುಪ್ತಾಂಗದಲ್ಲಿ ನರುಲಿ ಎಬ್ಬಿಸುವವು ಮುಖ್ಯವಾಗಿ 6 ಮತ್ತು 11ನೇ ಬಗೆಗಳು. ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ. 70ಕ್ಕೆ ಕಾರಣವಾಗುವ 16 ಮತ್ತು 18 ಸಾಮಾನ್ಯವಾಗಿ ನರುಲಿ ಎಬ್ಬಿಸುವುದೇ ಇಲ್ಲ, ಸದ್ದಿಲ್ಲದೆ ಕೂತಿರುತ್ತವೆ. ನರುಲಿ ಎಂದು ಹೆಸರಿಟ್ಟರೆ ‘ನನಗೆ ನರುಲಿ ಇಲ್ಲ, ಹಾಗಾಗಿ ವೈರಾಣುವೂ ಇಲ್ಲ’ ಎಂದುಕೊಳ್ಳುವುದಿಲ್ಲವೇ? ನನ್ನ ಅಚ್ಚಕನ್ನಡ ಅಲ್ಲಿಗೆ ಮುಗಿಯಿತು.

‘ಸೋಂಕು’ ಮಾತ್ರ ಖುಷಿ ಕೊಟ್ಟಿತು. ಹಳಗನ್ನಡದಲ್ಲಿ ಸೋಂಕು ಎಂದರೆ ಮುಟ್ಟು, ತಾಗು. ಹಳ್ಳಿಯಲ್ಲಿ ಮಗುವಿಗೆ ‘ಗಾಳಿ ಸೋಕಿದೆ’ ಎನ್ನುವುದೂ ಅದೇ. ಎಚ್‌ಪಿವಿ ಹರಡುವುದು ಚರ್ಮಕ್ಕೆ ಚರ್ಮ ತಾಗಿ. ಪದ ತನ್ನ ಹಳೆಯ ಅರ್ಥಕ್ಕೇ ಮರಳಿದಂತಾಯಿತು. ‘ಎಚ್‌ಪಿವಿ ರೋಗ’ ಎಂದಿದ್ದ ಕಡೆಯೆಲ್ಲ ಸೋಂಕು ಎಂದೇ ತಿದ್ದಿದೆ, ಏಕೆಂದರೆ ಬಹುಪಾಲು ಸೋಂಕು ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತದೆ, ರೋಗವಾಗುವುದೇ ಇಲ್ಲ.

ಇನ್ನು ಲಸಿಕೆ. ಪತ್ರಿಕೆಗಳಲ್ಲಿ ‘ಗರ್ಭಕಂಠದ ಕ್ಯಾನ್ಸರ್ ಲಸಿಕೆ’ ಎಂದೇ ಬರುತ್ತದೆ. ಹಾಗೆಂದರೆ ಗಂಡುಹುಡುಗರು ಪ್ರಶ್ನೆಯನ್ನೇ ಹಾರಿಸಿಬಿಡುತ್ತಾರೆ, ಗಂಟಲ ಕ್ಯಾನ್ಸರ್‌ಗೂ ಇದೇ ವೈರಾಣು ಕಾರಣವಾಗಬಲ್ಲದು ಎಂಬುದು ಅವರ ಕಿವಿಗೆ ಬೀಳುವುದೇ ಇಲ್ಲ. ಪುಣೆಯಲ್ಲಿ ತಯಾರಾಗುವ ಸರ್ವಾವ್ಯಾಕ್ ಲಸಿಕೆಗೆ 2022ರಲ್ಲಿ ಅನುಮತಿ ಸಿಕ್ಕಾಗ ಅದು ಹುಡುಗರಿಗೂ ಸೇರಿಯೇ ಸಿಕ್ಕಿತ್ತು. ‘ಚುಚ್ಚುಮದ್ದು’ ಎಂದರೆ ಇನ್ನೊಂದು ಪೇಚು: ಮದ್ದು ಎಂದೊಡನೆ ಬಂದ ಸೋಂಕನ್ನು ವಾಸಿ ಮಾಡುತ್ತದೆ ಅನ್ನಿಸುತ್ತದೆ. ಇದು ವಾಸಿ ಮಾಡುವುದಲ್ಲ, ತಡೆಯುವುದು. ಆದ್ದರಿಂದ ‘ಎಚ್‌ಪಿವಿ ಲಸಿಕೆ’ ಎಂದು ಉಳಿಸಿದ್ದೇನೆ.

ಆದರೆ ಎಚ್‌ಪಿವಿ ಎಂದಾಗಲೆಲ್ಲ ಎಚ್‌ಐವಿ ಎಂದು ಕೇಳಿಸಿಕೊಳ್ಳುವವರಿದ್ದಾರೆ, ನರ್ಸಿಂಗ್ ಓದುವವರಲ್ಲೂ. ಬಾಯಲ್ಲಿ ಹೇಳಿದರೂ ಬೇರೆಯಾಗಿ ಕೇಳಿಸುವ, ನರುಲಿಯನ್ನೂ ಪಾಪಿಯನ್ನೂ ನೆನಪಿಸದ ಹೆಸರು ಯಾರಿಗಾದರೂ ಹೊಳೆದರೆ ತಿಳಿಸಿ. ಹಾಗೇ, ನಿಮ್ಮ ಕಡೆ ನರುಲಿಗೆ ಏನೆನ್ನುತ್ತೀರಿ? ನರಹುಲಿ ಎಂಬ ರೂಪವನ್ನೂ ಕಂಡಿದ್ದೇನೆ. ಅದರಲ್ಲಿ ‘ಹುಲಿ’ ಎಲ್ಲಿಂದ ಬಂತು?