ಸಹಾಯ ಬೇಕು: ಅಕಸ್ಮಾತ್ತಾಗಿ ಕಂಡ ಮೆದುಳಿನ ಗಡ್ಡೆಗೆ ಈಗಲೇ ಚಿಕಿತ್ಸೆಯೋ, ಕಾಯುವುದೋ?

ಎಲ್ಲರಿಗೂ ನಮಸ್ಕಾರ. ನಾವು ಗದಗದವರು. 66 ವರ್ಷದ ನಮ್ಮ ತಾಯಿಯವರು ಹಿತ್ತಲಿನಲ್ಲಿ ಜಾರಿ ಬಿದ್ದು ತಲೆಗೆ ಪೆಟ್ಟಾಗಿದ್ದರಿಂದ ಹುಬ್ಬಳ್ಳಿಯಲ್ಲಿ ಸಿಟಿ ಸ್ಕ್ಯಾನ್ ಮಾಡಿಸಿದೆವು. ಪೆಟ್ಟಿನಿಂದ ತೊಂದರೆಯೇನೂ ಆಗಿರಲಿಲ್ಲ. ಆದರೆ ಮೆದುಳಿನ ಹೊರಪೊರೆಗೆ ಅಂಟಿಕೊಂಡಂತೆ, ಸುಣ್ಣದಂಶ ಕಟ್ಟಿದ 1.6 ಸೆಂ.ಮೀ. ಗಡ್ಡೆಯೊಂದು ಕಂಡಿತು. ಬಳಿಕ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಿ ಕಾಣಲು ಕೊಡುವ ಔಷಧಿ) ಕೊಟ್ಟು ಮಾಡಿದ ಎಂಆರ್‌ಐ ವರದಿಯಲ್ಲಿ ಅದು ಮೆನಿಂಜಿಯೋಮಾ (ಮೆದುಳಿನ ಪೊರೆಯಲ್ಲಿ ಹುಟ್ಟುವ ಗಡ್ಡೆ) ಇರಬಹುದೆಂದೂ ಸುತ್ತಲಿನ ಮೆದುಳಿನಲ್ಲಿ ಬಾವು ಇಲ್ಲವೆಂದೂ ಬರೆದಿದ್ದಾರೆ. ಅವರಿಗೆ ಫಿಟ್ಸ್ ಬಂದಿಲ್ಲ, ಕಣ್ಣು ಮಂಜಾಗಿಲ್ಲ, ಕೈಕಾಲಿನ ಬಲ ಕುಂದಿಲ್ಲ. ಈಗಲೂ ಬೆಳಿಗ್ಗೆ ಮನೆಮಂದಿಗೆಲ್ಲ ತಾವೇ ರೊಟ್ಟಿ ಬಡಿಯುತ್ತಾರೆ.

ಒಬ್ಬ ನ್ಯೂರೋಸರ್ಜನ್ ಆರು ತಿಂಗಳ ನಂತರ ಮತ್ತೆ ಎಂಆರ್‌ಐ ಮಾಡಿಸಿ, ಬೆಳೆಯದಿದ್ದರೆ ವರ್ಷಕ್ಕೊಮ್ಮೆ ನೋಡಿದರೆ ಸಾಕೆಂದರು. ಯುರೋಪಿನ ತಜ್ಞರ ಸಂಘದ 2021ರ ಮಾರ್ಗಸೂಚಿಯೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಇನ್ನೊಬ್ಬರು, ಗಡ್ಡೆ ಸಣ್ಣದಿರುವಾಗಲೇ ಗಾಮಾ ನೈಫ್ ವಿಕಿರಣ (ತಲೆ ಕೊಯ್ಯದೆ, ಗಡ್ಡೆಗೇ ಗುರಿಯಿಟ್ಟು ಕೊಡುವ ಚಿಕಿತ್ಸೆ) ಕೊಡಿಸುವುದು ಒಳ್ಳೆಯದೆನ್ನುತ್ತಾರೆ. ಇಬ್ಬರೂ ಅನುಭವಿಗಳು, ಯಾರ ಮಾತನ್ನೂ ತಳ್ಳಿಹಾಕುವಂತಿಲ್ಲ. ಸುಣ್ಣ ಕಟ್ಟಿದ ಗಡ್ಡೆಗಳು ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತವೆ ಎಂಬ ಕಾರಣಕ್ಕೆ ನನ್ನ ಮನಸ್ಸು ಕಾಯುವ ಕಡೆಗೇ ವಾಲುತ್ತಿದೆ, ಆದರೆ ಸ್ವಲ್ಪ ತಲೆನೋವು ಬಂದರೂ ಅವ್ವ "ಅದು ಬೆಳದೈತೇನಪಾ?" ಎಂದು ಕೇಳಿದಾಗ ಏನು ಹೇಳಬೇಕೋ ತಿಳಿಯುವುದಿಲ್ಲ.

ಮನೆಯಲ್ಲಿ ಯಾರಿಗಾದರೂ ಇಂಥ ಗಡ್ಡೆ ಕಂಡು, ಕಾಯುವ ದಾರಿ ಹಿಡಿದವರು ದಯವಿಟ್ಟು ತಿಳಿಸಿ: ಗಡ್ಡೆ ಎಷ್ಟು ಬೆಳೆದರೆ, ಅಥವಾ ಯಾವ ಲಕ್ಷಣ ಕಂಡರೆ, ಕಾಯುವುದನ್ನು ನಿಲ್ಲಿಸಿ ಚಿಕಿತ್ಸೆಗೆ ಬರಬೇಕೆಂದು ನಿಮ್ಮ ವೈದ್ಯರು ಹೇಳಿದ್ದರು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಎರಡನೇ ಅಭಿಪ್ರಾಯ ಕೇಳಲು ಸ್ಕ್ಯಾನಿನ ಸಿಡಿ ಒಯ್ದರೆ ಸಾಕೇ, ತಾಯಿಯವರನ್ನೂ ಕರೆದುಕೊಂಡು ಹೋಗಬೇಕೇ?