ದಿನವೂ ಅರ್ಧ ಗಂಟೆ ನಡೆದರೂ ಸಕ್ಕರೆ ಏರುತ್ತಿದೆ, ಇನ್ನೇನು ಮಾಡಬೇಕು?

ಮಲೆನಾಡಿನವಳು, ನೇಪರ್‌ವಿಲ್

ಎಲ್ಲರಿಗೂ ನಮಸ್ಕಾರ. ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ ನಮ್ಮ ವಾಸ. ನಮ್ಮ ಯಜಮಾನರಿಗೆ 43 ವರ್ಷ. ಸಿಗರೇಟು, ಮದ್ಯ ಯಾವುದರ ಅಭ್ಯಾಸವೂ ಇಲ್ಲ, ಊಟವೆಲ್ಲ ಮನೆಯದೇ, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 24. ಆದರೂ ಈ ಸಲದ ರಕ್ತಪರೀಕ್ಷೆಯಲ್ಲಿ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ) 6.1 ಬಂದಿದೆ, ಅಂದರೆ ಮಧುಮೇಹಕ್ಕೆ ಮುಂಚಿನ ಹಂತ. ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡ್ ಕೂಡ ಹೆಚ್ಚಿದೆ. ತೂಕ ಸರಿಯಾಗಿದೆ, ವ್ಯಾಯಾಮ ಮಾಡಿ ಎಂದಷ್ಟೇ ವೈದ್ಯರು ಹೇಳಿ ಕಳುಹಿಸಿದರು. ಇವರು ಸಂಜೆ ಅರ್ಧ ಗಂಟೆ ತಪ್ಪದೆ ನಡೆಯುತ್ತಾರೆ, ಉಳಿದ ಹೊತ್ತೆಲ್ಲ ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕೆಲಸ. ತೆಳ್ಳಗಿರುವವರಿಗೂ ಹೀಗೇಕಾಗುತ್ತದೆ, ಈ ನಡಿಗೆ ಸಾಲದಿದ್ದರೆ ಇನ್ನೇನು ಮಾಡಬೇಕು ಎಂಬುದು ಮೊದಲ ಪ್ರಶ್ನೆ.

ಇನ್ನೊಂದು, ಶಿವಮೊಗ್ಗದಿಂದ ಬಂದಿರುವ ನಮ್ಮ ಅತ್ತೆಯವರ ವಿಚಾರ. ಅವರಿಗೆ ಬಹುಕಾಲದಿಂದ ಸಕ್ಕರೆ ಕಾಯಿಲೆಯಿದೆ. ಊರಿನಲ್ಲಿ ಬೆಳಿಗ್ಗೆ ಹೂ ಕೊಯ್ಯುವುದರಿಂದ ಹಿಡಿದು ದೇವಸ್ಥಾನ, ತರಕಾರಿ ಅಂಗಡಿ ಎಂದು ಓಡಾಡಿಕೊಂಡೇ ಇದ್ದವರು, ಇಲ್ಲಿ ಕಾರಿಲ್ಲದೆ ಎಲ್ಲಿಗೂ ಹೋಗಲಾಗದೆ ಚಳಿಗಾಲವಿಡೀ ಸೋಫಾ ಬಿಟ್ಟು ಏಳುವುದಿಲ್ಲ. ಮಂಡಿನೋವೂ ಇದೆ. ಅವರಿಂದ ಮನೆಯೊಳಗೇ ಏನು ಮಾಡಿಸಬಹುದು?

ಕೃಷ್ಣೆಯ ದಡ, ಫ್ರೀಮಾಂಟ್

ನಾನು ಸಾರ್ವಜನಿಕ ಆರೋಗ್ಯ ಕ್ಷೇತ್ರದಲ್ಲಿ ದುಡಿಯುವವನು. ಬಿಎಂಐ 24 ಇದ್ದರೆ ತೂಕ ಸರಿಯಾಗಿದೆ ಎಂಬ ಮಾತನ್ನು ನಮ್ಮವರ ಮಟ್ಟಿಗೆ ಒಪ್ಪುವಂತಿಲ್ಲ. ಏಷ್ಯಾ ಮೂಲದವರಿಗೆ 23ರಿಂದಲೇ ಅಪಾಯ ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲೇ ಸೂಚಿಸಿದ್ದರು. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಕೂಡ 2015ರಿಂದ ಏಷ್ಯನ್ ಅಮೆರಿಕನ್ನರಿಗೆ 25ರ ಬದಲು 23ಕ್ಕೇ ಸಕ್ಕರೆ ಪರೀಕ್ಷೆ ಮಾಡಬೇಕೆಂದು ಹೇಳುತ್ತಿದೆ.

ಕಾರಣ ಮೈಯೊಳಗಿನ ಕೊಬ್ಬು. 2004ರಲ್ಲಿ ಲಂಡನ್ನಿನ ಡಾ. ಯಡ್ಕಿನ್ ಮತ್ತು ಪುಣೆಯ ಡಾ. ಯಾಜ್ಞಿಕ್ ತಮ್ಮಿಬ್ಬರದೇ ದೇಹದ ಅಳತೆಗಳನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅಕ್ಕಪಕ್ಕ ಪ್ರಕಟಿಸಿದ್ದರು. ಇಬ್ಬರ ಬಿಎಂಐ ಒಂದೇ ಆಗಿದ್ದರೂ ಯಡ್ಕಿನ್ ಅವರ ಮೈಯಲ್ಲಿ ಕೊಬ್ಬಿನ ಪಾಲು ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ಈ ಕೊಬ್ಬು ಹೊಟ್ಟೆಯೊಳಗೆ, ಯಕೃತ್ತಿನ ಸುತ್ತಮುತ್ತ ಸೇರಿಕೊಂಡು ಇನ್ಸುಲಿನ್ ಕೆಲಸಕ್ಕೆ ಅಡ್ಡಿಯಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶ ಮತ್ತು ನಿಮ್ಮ ಶಿಕಾಗೋದಲ್ಲಿ 2010ರಿಂದ ನಡೆಯುತ್ತಿರುವ 'ಮಸಾಲಾ' ಅಧ್ಯಯನದಲ್ಲಿಯೂ ದಕ್ಷಿಣ ಏಷ್ಯಾದವರಲ್ಲಿ ಮಧುಮೇಹ ಸುಮಾರು ಶೇ. 23ರಷ್ಟು ಕಂಡುಬಂದಿತು, ಹೋಲಿಕೆಗೆ ತೆಗೆದುಕೊಂಡ ಬಿಳಿಯರಲ್ಲಿ ಅದು ಶೇ. 6 ಮಾತ್ರ. ಯಜಮಾನರ ಸೊಂಟದ ಸುತ್ತಳತೆಯನ್ನು ಟೇಪು ಹಿಡಿದು ನೋಡಿ. ಗಂಡಸರಿಗೆ 90 ಸೆಂಟಿಮೀಟರ್ ದಾಟಿದ್ದರೆ ತೂಕದ ಅಂಕಿಯನ್ನು ನೆಚ್ಚಿ ಕೂರಬಾರದು.

ಸಾಮು, ಲೆಸ್ಟರ್

ನಾನು ಇಂಗ್ಲೆಂಡಿನಲ್ಲಿ ಫಿಸಿಯೋಥೆರಪಿಸ್ಟ್. ಇಲ್ಲಿ ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಗುಜರಾತಿಗಳು, ಪಂಜಾಬಿಗಳು. ಅವರ ಕಥೆಯೂ ನಿಮ್ಮ ಯಜಮಾನರದ್ದೇ.

ವಾರಕ್ಕೆ 150 ನಿಮಿಷ ವ್ಯಾಯಾಮ ಎಂಬುದು ಎಲ್ಲರಿಗೂ ಹೇಳುವ ಕನಿಷ್ಠ ಲೆಕ್ಕ. ಗ್ಲಾಸ್ಗೋದ ಸಂಶೋಧಕರು 2013ರಲ್ಲಿ ದಕ್ಷಿಣ ಏಷ್ಯಾ ಮೂಲದ ಗಂಡಸರನ್ನು ಯುರೋಪಿಯನ್ನರ ಜೊತೆ ಹೋಲಿಸಿ ನೋಡಿದಾಗ, ಅವರ ಮಟ್ಟದ ಆರೋಗ್ಯಕ್ಕೆ ನಮ್ಮವರಿಗೆ ಅದಕ್ಕಿಂತ ಗಣನೀಯವಾಗಿ ಹೆಚ್ಚು ಚಟುವಟಿಕೆ ಬೇಕೆಂಬ ಅಂದಾಜು ಸಿಕ್ಕಿತು. ಆದರೆ ನಿಮಿಷಗಳನ್ನು ಹೆಚ್ಚಿಸುವುದಕ್ಕಿಂತ ಮೊದಲು ನಾನು ಕೇಳುವುದು ಸ್ನಾಯುವಿನ ವಿಷಯ. ಊಟದ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವುದು ಸ್ನಾಯುಗಳೇ, ಅದರಲ್ಲೂ ದುಡಿಯುವ ಸ್ನಾಯು ಇನ್ಸುಲಿನ್ನಿನ ನೆರವಿಲ್ಲದೆಯೂ ರಕ್ತದಿಂದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ನಡಿಗೆಯೊಂದರಿಂದಲೇ ಸ್ನಾಯು ಬೆಳೆಯುವುದಿಲ್ಲ. ನಮ್ಮ ಗರಡಿಮನೆಗಳ ದಂಡ, ಬಸ್ಕಿಗಳಿಗೆ ಜಿಮ್ ಬೇಕಿಲ್ಲ. ವಾರಕ್ಕೆ ಎರಡು ಮೂರು ದಿನ, ಕೊನೆಯ ಒಂದೆರಡು ಬಸ್ಕಿ ಕಷ್ಟವೆನಿಸುವಷ್ಟು ಮಾಡಲಿ, ಸುಲಭವಾದಾಗ ಕೈಯಲ್ಲಿ ಡಂಬೆಲ್ ಹಿಡಿಯಲಿ. ಸಂಜೆಯ ನಡಿಗೆಯನ್ನು ಒಡೆದು ಪ್ರತಿ ಊಟದ ನಂತರ ಹತ್ತು ಹದಿನೈದು ನಿಮಿಷ ನಡೆಯುವುದೂ ಒಳ್ಳೆಯದು, ಏಕೆಂದರೆ ಸಕ್ಕರೆ ಏರುವುದು ಆಗಲೇ. ಕೆಲಸದ ನಡುವೆ ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಲೇಬೇಕು. ವ್ಯಾಯಾಮದ ಫಲ ಒಂದೆರಡು ದಿನದಲ್ಲೇ ಇಳಿದುಹೋಗುವುದರಿಂದ ವಾರದ ಪಾಲನ್ನೆಲ್ಲ ಶನಿವಾರಕ್ಕೆ ಬಿಡುವಂತಿಲ್ಲ.

ತೂಕ ಇಳಿಯಲಿಲ್ಲವೆಂದು ಅವರು ಕೈಬಿಡದಂತೆ ನೋಡಿಕೊಳ್ಳಿ. 2006ರಲ್ಲಿ ಪ್ರಕಟವಾದ ಚೆನ್ನೈನ ಅಧ್ಯಯನದಲ್ಲಿ, ಮಧುಮೇಹಕ್ಕೆ ಮುಂಚಿನ ಇದೇ ಹಂತದಲ್ಲಿದ್ದವರು ನಡಿಗೆ ಮತ್ತು ಆಹಾರದ ಶಿಸ್ತಿನಿಂದ ಮಧುಮೇಹದ ಅಪಾಯವನ್ನು ಶೇ. 28.5ರಷ್ಟು ತಗ್ಗಿಸಿಕೊಂಡರು, ಅದೂ ತೂಕ ಹೆಚ್ಚೇನೂ ಇಳಿಯದೆ.

ಅಜ್ಜಿಮನೆ, ಅರೋರಾ

ತಂಗಿ, ನಿಮ್ಮ ಅತ್ತೆಯವರ ಬಗ್ಗೆ ಹೇಳುತ್ತೇನೆ. ಹಿರಿಯರಿಗೆ ವ್ಯಾಯಾಮ ಮಾಡಿ ಎಂದರೆ ಮೊದಲು ಸಂಕೋಚ ಕಾಡುತ್ತದೆ. ಸೀರೆ ಉಟ್ಟುಕೊಂಡು, ಮಗ ಸೊಸೆಯರ ಎದುರಿಗೆ ಕೈಕಾಲು ಆಡಿಸುವುದು ಅವರಿಗೆ ಸರಿಬರುವುದಿಲ್ಲ. ನಮ್ಮ ಬಾಲಾಜಿ ದೇವಸ್ಥಾನಕ್ಕೆ ಬರುವ ಹೆಂಗಸರು ನಾಲ್ಕೈದು ಜನ ಸೇರಿ, ಹಿಮ ಬೀಳುವ ತಿಂಗಳುಗಳಲ್ಲಿ ಬೆಳಿಗ್ಗೆ ಮಾಲ್‌ಗೆ ಹೋಗಿ ಮಾತನಾಡಿಕೊಂಡು ನಡೆಯುತ್ತೇವೆ. ಒಬ್ಬರ ಕಾರಿನಲ್ಲಿ ಅವರಿಗೂ ಜಾಗವಿರುತ್ತದೆ. ಮನೆಯಲ್ಲಿರುವ ದಿನ, ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದನ್ನು ಹತ್ತು ಸಲ ಮಾಡಿಸಿ. ಮಂಡಿ ತಡೆಯದಿದ್ದರೆ ಕುರ್ಚಿಯ ಮೇಲೊಂದು ದಪ್ಪ ದಿಂಬು ಹಾಕಿ ಎತ್ತರ ಮಾಡಿಕೊಡಿ. ಅಡುಗೆಮನೆಯ ಕೆಲಸವನ್ನೆಲ್ಲ ಗೌರವದಿಂದ ಅವರ ಕೈಯಿಂದ ಕಿತ್ತುಕೊಳ್ಳಬೇಡಿ.

ಮಲೆನಾಡಿನವಳು

ತುಂಬಾ ಉಪಕಾರವಾಯಿತು. ಸೊಂಟ ಅಳೆದೆವು, 94 ಇದೆ. ಅತ್ತೆಯವರು ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಾರೆ, ನಡಿಗೆಯಿಂದ ತೊಂದರೆಯಾದೀತೇ?

ಸಾಮು, ಲೆಸ್ಟರ್

ಆ ಮಾತ್ರೆ ಇನ್ಸುಲಿನ್ ಸ್ರಾವವನ್ನು ಹೆಚ್ಚಿಸುವುದರಿಂದ, ಚಟುವಟಿಕೆ ಹೆಚ್ಚಾದಾಗ ಸಕ್ಕರೆ ಕುಸಿಯುವ ಸಾಧ್ಯತೆಯಿದೆ. ಖಾಲಿ ಹೊಟ್ಟೆಯಲ್ಲಿ ನಡೆಸಬೇಡಿ, ಮೊದಲ ಕೆಲವು ವಾರ ನಡೆಯುವ ಮುಂಚೆ ಮತ್ತು ನಂತರ ಗ್ಲುಕೋಮೀಟರ್‌ನಲ್ಲಿ ನೋಡಿ. ಬೆವರು, ಕೈನಡುಕ ಕಂಡರೆ ತಕ್ಷಣ ಕೊಡಲು ಗ್ಲುಕೋಸ್ ಅಥವಾ ಸಕ್ಕರೆ ಅವರ ಪರ್ಸಿನಲ್ಲಿರಲಿ. ಶಿವಮೊಗ್ಗದ ವೈದ್ಯರಿಗೆ ಈ ಅಳತೆಗಳನ್ನು ಕಳುಹಿಸಿದರೆ ಮಾತ್ರೆಯ ಪ್ರಮಾಣವನ್ನು ಬದಲಿಸಬೇಕೇ ಎಂದು ಅವರೇ ಹೇಳುತ್ತಾರೆ.