ಸಹಾಯ ಬೇಕು: ಮೂರು ತಲೆಮಾರಿಗೆ ಒಂದೇ ಕಾರು, ಯಾವ ಹಾಡು ಹಾಕಲಿ?

ಎಲ್ಲರಿಗೂ ನಮಸ್ಕಾರ. ಈ ಶನಿವಾರ ಬೆಂಗಳೂರಿನಿಂದ ಧಾರವಾಡಕ್ಕೆ ಕಾರಲ್ಲಿ ಹೊರಟಿದ್ದೇವೆ. ಏಳೆಂಟು ಗಂಟೆ ದಾರಿ. ಪೆನ್‌ಡ್ರೈವ್ ತುಂಬಿಸುವ ಕೆಲಸ ನನ್ನ ತಲೆಗೆ ಬಂದಿದೆ.

ಅಪ್ಪನಿಗೆ ಮಲ್ಲಿಕಾರ್ಜುನ ಮನ್ಸೂರರನ್ನು ಬಿಟ್ಟರೆ ಬೇರೆಯವರು ಗಾಯಕರೇ ಅಲ್ಲ. ಭೀಮಸೇನ ಜೋಶಿಯವರಿಗೆ ಮಾತ್ರ ರಿಯಾಯಿತಿ. ಮಗಳಿಗೆ ಕೊರಿಯಾದ ಪಾಪ್ ಬ್ಯಾಂಡ್ ಬಿಟಿಎಸ್. ಆ ಏಳು ಹುಡುಗರಲ್ಲಿ ಯಾವ ಸಾಲು ಯಾರದ್ದು ಅಂತ ಕಣ್ಣು ಮುಚ್ಚಿ ಹೇಳುತ್ತಾಳೆ. ನಾನು ಐರನ್ ಮೇಡನ್ ಅನ್ನೋ ಇಂಗ್ಲಿಷ್ ಹೆವಿ ಮೆಟಲ್ ಬ್ಯಾಂಡಿನ ಪಾರ್ಟಿ. 2007ರಲ್ಲಿ ಅವರು ಅರಮನೆ ಮೈದಾನಕ್ಕೆ ಬಂದಾಗ ಕಿರುಚಿ ಗಂಟಲು ಕೆಡಿಸಿಕೊಂಡವರಲ್ಲಿ ನಾನೂ ಒಬ್ಬ. ಹೆಂಡತಿಗೆ ಏನಾದ್ರೂ ಸರಿ, ಸೌಂಡ್ ಕಮ್ಮಿ ಇರಬೇಕು ಅಷ್ಟೇ!

ಇಲ್ಲಿವರೆಗೆ ಎಲ್ಲರೂ ಒಪ್ಪಿದ್ದು ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್. ಅದು ಶುರುವಾದರೆ ಅಪ್ಪ ತೊಡೆ ಮೇಲೆ ತಾಳ ಹಾಕುತ್ತಾರೆ, ಮಗಳು ಒಂದು ಕಿವಿಯ ಇಯರ್‌ಫೋನ್ ತೆಗೆಯುತ್ತಾಳೆ. ರಘು ದೀಕ್ಷಿತ್ ಹಾಡಿದ ಶರೀಫರ ಪದಗಳೂ ನಡೆಯುತ್ತವೆ. ಆದ್ರೆ ಪ್ರತಿ ಸಲ ಅಪ್ಪನ ಗೊಣಗು ಇದ್ದದ್ದೇ: "ಅಶ್ವಥ್ ಹಾಡಿದ್ದ ಬ್ಯಾರೆ ಬಿಡಪಾ."

ನಿಮಗಿಷ್ಟದ ಬ್ಯಾಂಡು, ಗಾಯಕರು, ವಾದ್ಯದವರು ಯಾರು? ಜಾನಪದ, ರಾಕ್, ಜಾಝ್, ಕರ್ನಾಟಕ ಸಂಗೀತ, ಯಾವುದಾದರೂ ಸರಿ. ಸುಮ್ನೆ ಹೆಸರು ಹೇಳಿ ಬಿಡಬೇಡಿ, ಮೊದಲು ಯಾವ ಹಾಡು ಕೇಳಬೇಕು ಅಂತಲೂ ಹೇಳಿ. ಸ್ವರಾತ್ಮ, ಆಗಮ್, ಇಂಡಿಯನ್ ಓಷನ್ ಬ್ಯಾಂಡುಗಳನ್ನು ಆಗಲೇ ಹಾಕಿಕೊಂಡಿದ್ದೇನೆ. ಸಿನಿಮಾ ಹಾಡು ಬೇಡ, ಜಾಸ್ತಿಯೇ ಇವೆ. ಚಿತ್ರದುರ್ಗ ದಾಟಿದ ಮೇಲೆ ಊಟದ ನಿದ್ದೆ ಎಳೆಯುತ್ತದೆ. ಆ ಹೊತ್ತಿಗೆ ಎಬ್ಬಿಸಿ ಕೂರಿಸುವಂಥದ್ದು ಏನಾದ್ರೂ ಇದ್ದರೆ ಅದನ್ನೇ ಮೊದಲು ಹೇಳಿ. ಶುಕ್ರವಾರ ರಾತ್ರಿಯೊಳಗೆ ಸಿಕ್ಕರೆ ದೊಡ್ಡ ಉಪಕಾರ.